‘ಎಲ್ಲರೂ’ ಎಂಬ ಪದದ ಚೆಕ್ಕುಬಂದಿ

‘ಬಡಗಿ’ ಎಂಬ ಯಂತ್ರ ಬಂದ ಮೇಲೆ ಪ್ರೋಗ್ರಾಂ ಬರೆಯುವ ಕೆಲಸವೇ ಲೋಕದಲ್ಲಿ ಉಳಿಯಲಿಲ್ಲ. ಏನು ಬೇಕೆಂದು ಮಾತಿನಲ್ಲಿ ಬರೆದು ಅದರ ಮುಂದಿಟ್ಟರೆ ಸಾಕು. ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ರೈಲಿನ ಸಿಗ್ನಲ್ ಆಗಲಿ, ಆಸ್ಪತ್ರೆಯ ಔಷಧ ಹಂಚುವ ವ್ಯವಸ್ಥೆಯಾಗಲಿ ಕಟ್ಟಿ ಕೊಡುತ್ತಿತ್ತು. ಕಟ್ಟುವುದರಲ್ಲಿ ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುತ್ತಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮೊದಲ ವರ್ಷ ಒಂದು ಊರಿನವರು ‘ಟ್ಯಾಂಕು ತುಂಬಿದಾಗ ಪಂಪು ನಿಲ್ಲಬೇಕು’ ಎಂದು ಬರೆದುಕೊಟ್ಟರು. ಟ್ಯಾಂಕು ತುಂಬಿತು, ಪಂಪು ನಿಂತಿತು. ಖಾಲಿಯಾದಾಗ ಮತ್ತೆ ಶುರುವಾಗಬೇಕೆಂದು ಯಾರೂ ಬರೆದಿರಲಿಲ್ಲ. ಮೂರು ದಿನ ಊರಿಗೆ ಊರೇ ಕೊಡ ಹಿಡಿದು ಬೀದಿಯಲ್ಲಿ ನಿಂತಿತು. ಇನ್ನೊಂದು ಕಡೆ ಒಂದು ಬ್ಯಾಂಕಿಗೆ ‘ಒಳಗೆ ಜನರಿರುವಾಗ ಬಾಗಿಲು ತೆರೆದಿರಬೇಕು’ ಎಂದು ಬರೆದರು. ಒಳಗೆ ಸದಾ ಕಾವಲುಗಾರ ಇರುತ್ತಿದ್ದನಾದ್ದರಿಂದ ಬಾಗಿಲು ಮುಚ್ಚಲೇ ಇಲ್ಲ. ನಕ್ಕು ಮರೆಯುವಂಥ ತಪ್ಪುಗಳ ಜೊತೆಗೆ ನಗಲಾಗದಂಥವೂ ಆದವು. ಆಗ ಸರ್ಕಾರ, ಬರೆದ ಮಾತನ್ನು ತೂಗಿ ನೋಡಲೆಂದು, ಜಿಲ್ಲೆಗೊಂದು ಒಕ್ಕಣೆ ಪರೀಕ್ಷಾಲಯ ತೆರೆಯಿತು. ಅಲ್ಲಿನ ಮುದ್ರೆ ಬೀಳದೆ ಯಾವ ಬೇಡಿಕೆಪಟ್ಟಿಯೂ ಬಡಗಿಯ ಮುಂದೆ ಹೋಗುವಂತಿರಲಿಲ್ಲ.

ಪರೀಕ್ಷಕರ ಹುದ್ದೆಗೆ ಆಯ್ಕೆ ನಡೆದಾಗ ದೊಡ್ಡ ದೊಡ್ಡ ಪದವಿಯವರು ಹಿಂದೆ ಬಿದ್ದರು. ರಾಯಚೂರು ಜಿಲ್ಲೆಗೆ ಆಯ್ಕೆಯಾದವಳು ಶರಣಮ್ಮ ಹೂಗಾರ. ಇಪ್ಪತ್ತೆರಡು ವರ್ಷ ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ದಸ್ತಾವೇಜು ಬರೆದ ಹೆಂಗಸು. ಕಂಪ್ಯೂಟರಿನ ಒಳಗೇನಿದೆಯೆಂದು ಅವಳಿಗೆ ತಿಳಿಯದು. ಆದರೆ ಹೊಲ ಮಾರುವ ಪತ್ರದಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ ಎಂದು ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬರೆಯದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಕೊಡಲಿ ಎತ್ತುತ್ತಾರೆ ಎಂಬುದು ತಿಳಿದಿತ್ತು. ಸಂದರ್ಶನದಲ್ಲಿ ಅವಳು ಹೇಳಿದ್ದು ಇಷ್ಟೇ: “ಮಾತಿಗೂ ಚೆಕ್ಕುಬಂದಿ ಇರ್ತಾವ್ರಿ. ಅದು ಎಲ್ಲಿಗೆ ಮುಗೀತದ ಅಂತ ಬರೀದಿದ್ರ, ಯಾರರೆ ಒಬ್ರು ಒಳಗ ಬರ್ತಾರ, ಇಲ್ಲಾ ಯಾರರೆ ಹೊರಗ ಉಳೀತಾರ.”

ನಾಲ್ಕನೆಯ ವರ್ಷ ಅವಳ ಮೇಜಿಗೆ ಹಿರೇಗಣಿಯ ಕಡತ ಬಂತು.

ಹಿರೇಗಣಿ ಅವಳ ಊರಿನಿಂದ ಆರು ಮೈಲಿ. ಚಿನ್ನ ಮುಗಿದು ನಲವತ್ತು ವರ್ಷ ಪಾಳುಬಿದ್ದಿದ್ದ ಗಣಿಯಲ್ಲಿ ಈಗ ಕರೆಂಟು ಹುಟ್ಟಿಸುವ ಯೋಜನೆ. ಹಗಲು ಬಿಸಿಲಿನ ಶಕ್ತಿಯಿಂದ ಸಾವಿರ ಟನ್ನಿನ ಕಬ್ಬಿಣದ ಗುಂಡುಗಳನ್ನು ಆಳದ ಬಾವಿಯಿಂದ ಮೇಲೆತ್ತುವುದು, ಸಂಜೆಯಾದ ಮೇಲೆ ಅವನ್ನು ನಿಧಾನ ಇಳಿಬಿಟ್ಟು ಆ ತೂಕದಿಂದಲೇ ಯಂತ್ರ ತಿರುಗಿಸುವುದು. ಸುತ್ತಲ ನೂರಿಪ್ಪತ್ತು ಹಳ್ಳಿಗಳಿಗೆ ಸಂಜೆಯ ಕರೆಂಟು ಅಲ್ಲಿಂದಲೇ ಬರಬೇಕಿತ್ತು. ಕೆಲಸದವರು ಇಳಿಯಲು ಪಕ್ಕದಲ್ಲೇ ಲಿಫ್ಟು. ಕೆಳಗೆ, ಸುರಂಗದಿಂದ ಲಿಫ್ಟಿಗೆ ಬರುವಲ್ಲಿ ಉಕ್ಕಿನ ತಡೆಬಾಗಿಲು. ಹಳೆಯ ಸುರಂಗಗಳಲ್ಲಿ ನಿಂತ ನೀರು ಎಂದಾದರೂ ಒಡೆದು ನುಗ್ಗಿದರೆ ಆ ಬಾಗಿಲು ಮುಚ್ಚಿಕೊಂಡು, ತೂಕದ ಬಾವಿಯನ್ನೂ ತಳದ ಯಂತ್ರಗಳನ್ನೂ ಕಾಯಬೇಕು.

ಆ ಬಾಗಿಲು, ಲಿಫ್ಟು, ಅಪಾಯದ ಗಂಟೆ ಎಲ್ಲವನ್ನೂ ಆಡಿಸುವ ವ್ಯವಸ್ಥೆಯ ಬೇಡಿಕೆಪಟ್ಟಿಯಲ್ಲಿ ಮುನ್ನೂರ ಹನ್ನೆರಡು ವಾಕ್ಯಗಳಿದ್ದವು. ಬರೆಸಿದವನು ಯೋಜನೆಯ ಮುಖ್ಯ ಎಂಜಿನಿಯರ್ ವಾದಿರಾಜ, ಮೈಸೂರು ಕಡೆಯವನು, ಶಿಸ್ತಿನ ಮನುಷ್ಯ. ಪಟ್ಟಿ ಅಚ್ಚುಕಟ್ಟಾಗಿತ್ತು. ನಲವತ್ತೊಂದನೆಯ ವಾಕ್ಯ ಹೀಗಿತ್ತು: ‘ಅಪಾಯದ ಸೂಚನೆ ಬಂದ ಕೂಡಲೇ ಲಿಫ್ಟು ಎಲ್ಲರನ್ನೂ ಮೇಲಕ್ಕೆ ತರಬೇಕು, ಎಲ್ಲರೂ ಬಂದ ಮೇಲೆ ತಡೆಬಾಗಿಲು ಮುಚ್ಚಬೇಕು.’

ಶರಣಮ್ಮ ಅದನ್ನು ಎರಡು ಸಲ ಓದಿ ‘ಕೂಡಲೇ’ ಎಂಬ ಪದದ ಕೆಳಗೆ ಗೆರೆ ಎಳೆದಳು. ಕೂಡಲೇ ಎಂದರೆ ಒಂದು ನಿಮಿಷವೋ, ಹತ್ತೋ? ಅಳೆಯಲಾಗದ ಪದ ಪಟ್ಟಿಯಲ್ಲಿರಬಾರದು. ಉಳಿದಂತೆ ವಾಕ್ಯ ಸರಿಯಾಗಿದೆ ಅನ್ನಿಸಿತು. ಮುದ್ರೆ ಒತ್ತುವುದು ನಾಳೆ ಎಂದುಕೊಂಡು ಮನೆಗೆ ಹೋದಳು.

ಮನೆಯಲ್ಲಿ ಆ ದಿನ ನಾದಿನಿಯ ಮನೆಯವರು ಊಟಕ್ಕೆ ಬಂದಿದ್ದರು. ಶರಣಮ್ಮನ ಗಂಡ ಅಮರಪ್ಪ ಹಿಟ್ಟಿನ ಗಿರಣಿಯವನು. ಸಂಜೆ ಕರೆಂಟು ಹೋಗಿ ಹೋಗಿ ಅವನ ಗಿರಣಿ ಅರ್ಧ ದಿನ ಮಲಗಿರುತ್ತಿತ್ತು. ಊಟಕ್ಕೆ ಕೂತಾಗಲೂ ಅದೇ ಮಾತು. “ಹಿರೇಗಣಿ ಶುರುವಾದ್ರ ಸಾಕು ನೋಡ್ರಿ, ನಮ್ಮ ಕಷ್ಟಾ ಮುಗೀತು. ಕಾಗದ ಈಗ ಇಕಿ ಕೈಯಾಗ ಅದ,” ಎಂದು ಹೆಮ್ಮೆಯಿಂದ ನಕ್ಕ. ಶರಣಮ್ಮ ರೊಟ್ಟಿ ಬಡಿದು ಹಾಕಿದಳು, ಪಲ್ಯ ಬಡಿಸಿದಳು, ಮಜ್ಜಿಗೆ ಸುರಿದಳು. ಒಳಕೋಣೆಯಿಂದ ಅತ್ತೆ ಕೂಗಿ ಕೇಳಿದಳು:

“ಎಲ್ಲಾರೂ ಉಂಡ್ರೇನೋ ಅಮರಾ?”

“ಹೂಂ ಯವ್ವಾ, ಎಲ್ಲಾರೂ ಉಂಡ್ವಿ,” ಎಂದ ಅಮರಪ್ಪ, ಕೈ ತೊಳೆಯುತ್ತ.

ಶರಣಮ್ಮ ಒಲೆಯ ಮುಂದೆ ಕೂತಿದ್ದಳು. ಅವಳ ತಾಟು ಇನ್ನೂ ಗೋಡೆಗೆ ಆನಿಸಿಟ್ಟ ಹಾಗೇ ಇತ್ತು. ಅವಳಿಗೆ ಸಿಟ್ಟು ಬರಲಿಲ್ಲ. ಅಮರಪ್ಪ ಸುಳ್ಳು ಹೇಳಿರಲಿಲ್ಲ, ಅವನ ಕಣ್ಣಿಗೆ ಕಂಡ ಪಂಕ್ತಿಯಲ್ಲಿ ಎಲ್ಲರೂ ಉಂಡಿದ್ದರು. ಆದರೆ ತನಗೆಂದು ಹಾಕಿಕೊಂಡ ರೊಟ್ಟಿ ಹಂಚಿನ ಮೇಲೇ ಸೀದು ಹೋಯಿತು. ‘ಎಲ್ಲರೂ ಬಂದ ಮೇಲೆ ತಡೆಬಾಗಿಲು ಮುಚ್ಚಬೇಕು.’ ಎಲ್ಲರೂ ಎಂದರೆ ಯಾರು? ಅದನ್ನು ಎಣಿಸುವವರು ಯಾರು? ಎಣಿಸುವವನ ಕಣ್ಣಿಗೆ ಬೀಳದವರು?

ಮರುದಿನ ಮುದ್ರೆ ಒತ್ತಲಿಲ್ಲ. ಬಸ್ಸು ಹತ್ತಿ ಹಿರೇಗಣಿಗೆ ಹೋದಳು.

ವಾದಿರಾಜ ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿಸಿದ. “ಎಲ್ಲರೂ ಅಂದರೆ ಕೆಳಗೆ ಇಳಿದ ಎಲ್ಲರೂ ಶರಣಮ್ಮನವರೇ. ಗೇಟಿನಲ್ಲಿ ಪ್ರತಿಯೊಬ್ಬರಿಗೂ ಬಿಲ್ಲೆ ಕೊಡ್ತೀವಿ. ಇಳಿಯುವಾಗ ಯಂತ್ರ ಓದುತ್ತೆ, ಹತ್ತುವಾಗ ಓದುತ್ತೆ. ಲೆಕ್ಕ ತಾಳೆಯಾದರೆ ಎಲ್ಲರೂ ಬಂದ ಹಾಗೆ. ಇದರಲ್ಲಿ ಗೊಂದಲ ಏನಿದೆ?”

“ಬಿಲ್ಲೆ ಇಲ್ಲದ ಯಾರೂ ಒಳಗ ಹೋಗಂಗಿಲ್ಲೇನ್ರಿ?”

“ಸಾಧ್ಯವೇ ಇಲ್ಲ.”

ಶರಣಮ್ಮ ಎದ್ದು ಹೊರಗೆ ಬಂದಳು. ಅವಳ ರೂಢಿ ಅದು. ದಸ್ತಾವೇಜು ಬರೆಯುವ ಮುಂಚೆ ಹೊಲಕ್ಕೆ ಹೋಗಿ ಕಲ್ಲು ನೋಡಿ ಬರುತ್ತಿದ್ದಳು. ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂತಳು, ಹಗ್ಗ ನೋಡಿಕೊಳ್ಳುವ ಮೌಲಾಲಿಯ ಜೊತೆ ಮಾತಾಡಿದಳು. ಅರವತ್ತು ಸಮೀಪಿಸಿದ, ನರೆಗಡ್ಡದ ಮನುಷ್ಯ. ಹಳೆಯ ಗಣಿಯಲ್ಲೂ ದುಡಿದವನು, ಯೋಜನೆಯವರು ಹುಡುಕಿ ಕರೆದು ಕೆಲಸ ಕೊಟ್ಟಿದ್ದರು.

“ಕಾಕಾ, ಕೆಳಗ ಒಟ್ಟು ಎಷ್ಟು ಮಂದಿ ಇರ್ತೀರಿ?”

“ಬಿಲ್ಲೆದವರು ಅರವತ್ನಾಕು,” ಎಂದ ಮೌಲಾಲಿ. ಚಹಾ ಊದಿ ಒಂದು ಗುಟುಕು ಕುಡಿದ. “ಮತ್ತ ಕೆಸರಿನವರು ಬ್ಯಾರೆ.”

“ಯಾವ ಕೆಸರಿನವರು?”

ಸುರಂಗದ ನೀರುಗಂಡಿಯಲ್ಲಿ ಕೂಡುವ ಕೆಸರು ಎತ್ತಲು ವಾರಕ್ಕೆ ಎರಡು ದಿನ ಏಳು ಹೆಂಗಸರು ಬರುತ್ತಿದ್ದರು. ಅವರ ಊರು ಬೆಟ್ಟದ ಆಚೆ ಬದಿಗೆ. ಗೇಟಿಗೆ ಬರಬೇಕಾದರೆ ಮೂರು ಮೈಲಿ ಸುತ್ತು. ಅವರ ಊರ ಹಿಂದೆಯೇ ಹಳೆಯ ಗಣಿಯ ಇಳಿಜಾರು ದಾರಿಯೊಂದು ತೆರೆದಿತ್ತು. ಅವರು ಅಲ್ಲಿಂದಲೇ ಬಗ್ಗಿ ಇಳಿದು, ಕೆಲಸ ಮುಗಿಸಿ, ಅಲ್ಲಿಂದಲೇ ಹತ್ತಿ ಹೋಗುತ್ತಿದ್ದರು. ಗುತ್ತಿಗೆದಾರನಿಗೆ ಗೊತ್ತಿತ್ತು, ಮೇಸ್ತ್ರಿಗೆ ಗೊತ್ತಿತ್ತು, ಚಹಾದಂಗಡಿಗೆ ಗೊತ್ತಿತ್ತು. ಕಾಗದಕ್ಕೆ ಗೊತ್ತಿರಲಿಲ್ಲ.

ಸಂಜೆ ಕಡತದ ಮೇಲೆ ‘ಒಪ್ಪಿಲ್ಲ’ ಎಂಬ ಮುದ್ರೆ ಬಿತ್ತು.

ವಾದಿರಾಜ ಮರುದಿನವೇ ಪರೀಕ್ಷಾಲಯಕ್ಕೆ ಬಂದ. ಉದ್ಘಾಟನೆಯ ದಿನ ಗೊತ್ತಾಗಿತ್ತು, ಆಹ್ವಾನಪತ್ರಿಕೆ ಅಚ್ಚಾಗಿತ್ತು. “ಆ ಹೆಂಗಸರಿಗೂ ಏಳು ಬಿಲ್ಲೆ ಕೊಟ್ಟುಬಿಡ್ತೀನಿ. ಆಯ್ತಲ್ಲ? ಮುದ್ರೆ ಹಾಕಿ.”

“ಸಾಹೇಬ್ರ, ನೀವು ಎಣಿಸಬೇಕಂತ ಅನ್ನೋದು ಮನುಷ್ಯಾರನ್ನ. ಎಣಿಸೋದು ಬಿಲ್ಲೆ. ಎರಡೂ ಒಂದಽ ಏನ್ರಿ?”

“ವ್ಯವಹಾರದಲ್ಲಿ ಒಂದೇ.”

“ಹಂಗಾದ್ರ ತೋರಿಸ್ರಿ. ತಾಲೀಮು ಮಾಡೋಣು. ನಿಮ್ಮ ಒಕ್ಕಣಿ ಹೆಂಗದ ಹಂಗಽ ಇರಲಿ, ತಾಲೀಮಿನ ಮಟ್ಟಿಗಷ್ಟ ಮುದ್ರಿ ಹಾಕ್ತೀನಿ, ಬಡಗಿ ಕಟ್ಟಲಿ. ಬಾಗಲಾ ಮಾತ್ರ ನಿಧಾನ ಮುಚ್ಚೂಹಂಗ ಇಡ್ರಿ. ಕೆಸರಿನವರು ಬರೋ ದಿನಾನ ಗಂಟಿ ಹೊಡೀರಿ.”

ಅವನಿಗೆ ತನ್ನ ವಾಕ್ಯದ ಮೇಲೆ ನಂಬಿಕೆಯಿತ್ತು. ಒಪ್ಪಿದ.

ತಾಲೀಮಿನ ದಿನ ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮುಂದೆ ಎಲ್ಲರೂ ಸೇರಿದರು. ಹೆಂಗಸರಿಗೂ ಅಂದು ಬಿಲ್ಲೆ ಕೊಟ್ಟಿದ್ದರು. ಗಂಟೆ ಬಾರಿಸಿತು. ಲಿಫ್ಟು ಮೇಲೆ ಕೆಳಗೆ ಓಡಾಡಿತು. ಎಪ್ಪತ್ತೊಂದರಲ್ಲಿ ಅರವತ್ತು, ಅರವತ್ತಾರು, ಎಪ್ಪತ್ತೊಂದು. ಪರದೆ ಹಸಿರಾಯಿತು. ‘ಎಲ್ಲರೂ ಬಂದಿದ್ದಾರೆ’ ಎಂದು ಯಂತ್ರ ಘೋಷಿಸಿತು. ತಡೆಬಾಗಿಲು ನಿಧಾನವಾಗಿ ಸರಿಯತೊಡಗಿತು. ವಾದಿರಾಜ ಶರಣಮ್ಮನ ಕಡೆ ತಿರುಗಿ ಏನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಕೆಳಗಿನ ಮೈಕಿನಿಂದ ದಬದಬನೆ ಕಬ್ಬಿಣ ಗುದ್ದುವ ಸದ್ದು ಕೇಳಿತು.

“ಯಾರಪ್ಪಾ ಬಾಗ್ಲಾ ಹಾಕಾಕತ್ತೀರಿ? ನಾವ್ ಒಳಗದೀವಿ!”

ಬಾಗಿಲನ್ನು ನಿಲ್ಲಿಸಿದರು. ಮೂವರು ಹೆಂಗಸರು ಕೆಳಗೇ ಉಳಿದಿದ್ದರು. ಕೆಸರಿನಲ್ಲಿ ಬಿಲ್ಲೆ ಬಿದ್ದು ಹೋದರೆ ಎಂಬ ಭಯಕ್ಕೆ ತಮ್ಮ ಬಿಲ್ಲೆಗಳನ್ನು ಒಂದು ಚೀಲಕ್ಕೆ ಹಾಕಿ ಗೆಳತಿಯ ಕೈಗೆ ಕೊಟ್ಟಿದ್ದರು. ಗಂಟೆ ಕೇಳಿದ್ದೇ ಗೆಳತಿ ಚೀಲದ ಸಮೇತ ಲಿಫ್ಟು ಹತ್ತಿದ್ದಳು.

ಮೂವರಲ್ಲಿ ಹಿರಿಯಳು ದುರ್ಗವ್ವ. ಮೇಲೆ ಬಂದವಳೇ ಸೆರಗು ಬಿಗಿದು ವಾದಿರಾಜನ ಎದುರು ನಿಂತಳು. “ಖರೇನ ನೀರು ಬಂದಿದ್ರ ಏನ್ ಮಾಡ್ತಿದ್ರಿ ಸಾಹೇಬ್ರ?”

ವಾದಿರಾಜನ ಮುಖ ಬೂದಿಯಾಗಿತ್ತು. ಅವನು ಹಸಿರಾಗಿಯೇ ಇದ್ದ ಪರದೆಯನ್ನು ಆರಿಸಿದ. ಶರಣಮ್ಮನ ಕಡೆ ತಿರುಗಿ ಹೇಳಿದ: “ಉದ್ಘಾಟನೆ ಮುಂದೆ ಹಾಕ್ತೀನಿ. ಹೇಗೆ ಬರೀಬೇಕು ಹೇಳಿ.”

“ನಾ ಹೇಳೋದಲ್ರಿ,” ಎಂದಳು ಶರಣಮ್ಮ. “ಕೆಳಗ ಇಳಿಯೋರನ್ನ ಕರೀರಿ.”

ಐದು ವಾರ ಆ ನಿಯಂತ್ರಣ ಕೋಣೆಯಲ್ಲಿ ನಡೆದದ್ದನ್ನು ಆಮೇಲೆ ಬೇರೆ ಜಿಲ್ಲೆಗಳವರು ಬಂದು ಕೇಳಿ ತಿಳಿದುಕೊಂಡು ಹೋದರು. ಒಂದು ಬದಿಗೆ ಎಂಜಿನಿಯರುಗಳು, ಇನ್ನೊಂದು ಬದಿಗೆ ಮೌಲಾಲಿ, ದುರ್ಗವ್ವ, ಲಿಫ್ಟು ನಡೆಸುವವರು, ನಡುವೆ ಶರಣಮ್ಮ. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದುವುದು. ‘ಇದು ಯಾರಿಗೆ ಬೇಕು? ಆಯಿತೆಂದು ತಿಳಿಯುವುದು ಹೇಗೆ? ಆಗದಿದ್ದರೆ ಏನು?’ ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕದ ವಾಕ್ಯ ಹೊರಗೆ. ಎರಡು ವಾಕ್ಯ ಒಂದಕ್ಕೊಂದು ಎದುರಾದರೆ ಇವತ್ತೇ ಜಗಳ ತೀರಬೇಕು, ಯಂತ್ರಕ್ಕೆ ಬಿಡಬಾರದು. ಪ್ರತಿ ವಾಕ್ಯಕ್ಕೂ ಪಕ್ಕದಲ್ಲೇ ಒಂದು ತಾಲೀಮು ಬರೆಯಬೇಕು.

ಹೊರಗೆ ಊರು ಮುನಿದಿತ್ತು. “ಒಂದು ಪದಕ್ಕ ಇಡೀ ತಾಲ್ಲೂಕು ಕತ್ತಲಾಗ ಇಟ್ಟಾಳ,” ಎಂದು ಗಿರಣಿಗೆ ಬಂದವರು ಅಮರಪ್ಪನ ಎದುರೇ ಆಡಿದರು. ಅಮರಪ್ಪ ಎರಡು ದಿನ ಹೆಂಡತಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕೇಳಿಯೇಬಿಟ್ಟ:

“ಅಷ್ಟು ದೊಡ್ಡ ಪದಾ ಯಾವುದಽ ಅದು?”

“ಎಲ್ಲರೂ.”

“ಅದರಾಗ ಏನೈತಿ?”

“ಅವತ್ತು ಅತ್ತಿ ಕೇಳಿದಾಗ ಎಲ್ಲಾರೂ ಉಂಡ್ವಿ ಅಂದ್ರೆಲ್ಲ. ನಾ ಉಂಡಿದ್ದಿಲ್ರಿ.”

ಅಮರಪ್ಪ ಹಿಟ್ಟು ಮೆತ್ತಿದ ಕೈ ಹಾಗೇ ಹಿಡಿದು ನಿಂತ. ಮರುದಿನ ಗಿರಣಿಯಲ್ಲಿ ಯಾರೋ ಮತ್ತೆ ಅದೇ ಮಾತು ತೆಗೆದಾಗ, “ನಿನ್ನ ಮಗಳು ಕೆಳಗ ಇಳಿದ್ರ ಗೊತ್ತಾಗತೈತಿ, ಹಿಟ್ಟಿನ ಚೀಲಾ ಹಿಡಿ,” ಎಂದು ಬಾಯಿ ಮುಚ್ಚಿಸಿದನಂತೆ.

ನಲವತ್ತೊಂದನೆಯ ವಾಕ್ಯಕ್ಕೇ ಒಂಬತ್ತು ದಿನ ಹಿಡಿಯಿತು. ‘ಎಲ್ಲರೂ’ ಎಂದರೆ ಯಾರೆಂದು ದುರ್ಗವ್ವ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು: “ಉಸಿರಾಡೋರು.” ಹಾಗೆ ಎಣಿಸಲು ದಾರಿಯಿದೆಯೇ ಎಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ಸುರಂಗದ ಗೋಡೆಯಲ್ಲಿ ಮಾರಿಗೊಂದರಂತೆ ಚಿಕ್ಕ ಯಂತ್ರಗಳನ್ನು ಹುಗಿದರು. ಬಿಟ್ಟ ಉಸಿರಿನ ಗಾಳಿಯನ್ನೂ ಮೈಯ ಕಾವನ್ನೂ ಅವು ಗುರುತಿಸುತ್ತಿದ್ದವು. ಕೆಲಸದವರು ಅದಕ್ಕೆ ‘ಮೂಗು’ ಎಂದು ಹೆಸರಿಟ್ಟರು. ಬಿಲ್ಲೆಯ ಲೆಕ್ಕವೂ ಮೂಗಿನ ಲೆಕ್ಕವೂ ಎರಡೂ ಸೊನ್ನೆಯಾಗದೆ ಬಾಗಿಲು ಮುಚ್ಚಬಾರದು ಎಂದು ಬರೆದರು.

“ಒಳಗೆ ಮೇಕೆ ಹೋಗಿದ್ದರೆ?” ಎಂದ ವಾದಿರಾಜ. “ಮೇಕೆಯ ಉಸಿರಿಗೆ ಕಾಯ್ತಾ ಕೂತರೆ ನೀರು ಬಾವಿಗೆ ಇಳಿಯುತ್ತೆ. ತಳದ ಯಂತ್ರಗಳು ಮುಳುಗ್ತವೆ.”

ಶರಣಮ್ಮ ಪೆನ್ನು ಕೆಳಗಿಟ್ಟಳು. “ಇದು ನಾ ತೀರ್ಮಾನ ಮಾಡೋದಲ್ಲ ಸಾಹೇಬ್ರ. ಯಂತ್ರ ನಿಮ್ಮವು. ಯಾವುದು ಮೊದಲು ಅಂತ ನೀವಽ ಹೇಳ್ರಿ, ನಾ ಬರೀತೀನಿ. ಆದ್ರ ಇವತ್ತು ಹೇಳ್ರಿ. ನೀರು ಬಂದ ದಿನಾ ಹೇಳಾಕ ಆಗಂಗಿಲ್ಲ.”

ವಾದಿರಾಜ ಕಿಟಕಿಯ ಹತ್ತಿರ ಹೋಗಿ ನಿಂತ. ಹನ್ನೊಂದು ವರ್ಷದಿಂದ ಅವನು ಕಟ್ಟಿದ ಯಂತ್ರಗಳು ಅವು. ತಿರುಗಿ ಬಂದು ಹೇಳಿದ: “ಬರೀರಿ. ಉಸಿರು ಯಾರದೆಂಬ ಅನುಮಾನವಿದ್ದರೆ ಅದು ಮನುಷ್ಯನದೆಂದೇ ಎಣಿಸಬೇಕು. ಒಂದು ಉಸಿರು ಉಳಿದಿದ್ದರೂ ಬಾಗಿಲು ಮುಚ್ಚಬಾರದು, ಲಿಫ್ಟು ತಾನಾಗಿಯೇ ಮತ್ತೆ ಇಳಿಯಬೇಕು. ಯಂತ್ರಗಳು ಮುಳುಗಿದರೂ ಸರಿ.” ಕೆಳಗೆ ತಾನೇ ಸಹಿ ಹಾಕಿದ. ಶರಣಮ್ಮ ಮುದ್ರೆ ಒತ್ತಿದಳು.

ಜ್ಯೇಷ್ಠದಲ್ಲಿ ಹಿರೇಗಣಿ ಶುರುವಾಯಿತು. ನೂರಿಪ್ಪತ್ತು ಹಳ್ಳಿಗಳಿಗೆ ಸಂಜೆಯ ಬೆಳಕು ಬಂತು. ಶ್ರಾವಣದಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆಯಿತು.

ಒಂಬತ್ತನೆಯ ದಿನ ಶರಣಮ್ಮ ತಿಂಗಳ ತಪಾಸಣೆಗೆಂದು ನಿಯಂತ್ರಣ ಕೋಣೆಗೆ ಬಂದಿದ್ದಳು. ಬೆಳಿಗ್ಗೆ ಹನ್ನೊಂದು ಗಂಟೆ. ಕೆಳಗೆ ಐವತ್ತೆಂಟು ಜನ ಕೆಲಸದಲ್ಲಿದ್ದರು. ನೆಲ ಒಮ್ಮೆ ಸಣ್ಣಗೆ ನಡುಗಿದ ಹಾಗಾಯಿತು, ಮೇಜಿನ ಮೇಲಿನ ಲೋಟ ಗಿಲಿಗುಟ್ಟಿತು. ಪಶ್ಚಿಮದ ಹಳೆಯ ಸುರಂಗ ಒಡೆದಿತ್ತು. ಯಾರೂ ಗುಂಡಿ ಒತ್ತುವ ಮುಂಚೆಯೇ ಅಪಾಯದ ಗಂಟೆ ಹೊಡೆದುಕೊಂಡಿತು.

ಪರದೆಯ ಮೇಲೆ ಎರಡು ಅಂಕಿ. ಬಿಲ್ಲೆ: ಐವತ್ತೆಂಟು. ಉಸಿರು: ಐವತ್ತೆಂಟು. ಲಿಫ್ಟು ಆಗಲೇ ಕೆಳಗಿಳಿಯುತ್ತಿತ್ತು. ಒಂದು ಸುತ್ತಿಗೆ ಹದಿನೈದು ಜನ, ಒಂದು ಸುತ್ತಿಗೆ ನಾಲ್ಕು ನಿಮಿಷ. ನಲವತ್ಮೂರು. ಇಪ್ಪತ್ತೆಂಟು. ಹದಿಮೂರು. ಸುರಂಗದಲ್ಲಿ ನೀರು ಮೊಣಕಾಲಿಗೆ ಬಂದು ತಡೆಬಾಗಿಲಿನ ಹೊಸ್ತಿಲು ಮುಟ್ಟಿತು. ನಾಲ್ಕನೆಯ ಸುತ್ತು ಮೇಲೆ ಬಂತು.

ಬಿಲ್ಲೆ: ಸೊನ್ನೆ. ಉಸಿರು: ಒಂದು.

ಕೋಣೆಯಲ್ಲಿ ಎಲ್ಲರ ಕಣ್ಣೂ ಆ ಒಂದರ ಮೇಲೆ ನೆಟ್ಟಿತು. “ಎಲ್ಲಾ ಬಿಲ್ಲೆ ಬಂದಿವೆ ಸಾರ್,” ಎಂದ ಲಿಫ್ಟು ನಡೆಸುವವ. “ಮೂಗು ಕೆಟ್ಟಿರಬೇಕು. ಇಲ್ಲ, ನಾಯಿಯೋ ಏನೋ. ನೀರು ಹೊಸ್ತಿಲು ದಾಟಿ ಬಾವಿಗೆ ಬೀಳ್ತಾ ಇದೆ. ಕೈಯಿಂದ ಬಾಗಿಲು ಮುಚ್ಚಿಬಿಡಲಾ?”

ಕೈಯಿಂದ ಮುಚ್ಚುವ ಕೀಲಿ ವಾದಿರಾಜನ ಕೊರಳಲ್ಲಿತ್ತು. ಅವನ ಕೈ ಒಮ್ಮೆ ಅತ್ತ ಹೋಯಿತು. ಶರಣಮ್ಮ ಅವನನ್ನು ನೋಡಿದಳು. ಆಡಬೇಕಾದ ಮಾತೆಲ್ಲ ಬರೆದಾಗಿತ್ತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಯಾರೂ ಮುಟ್ಟಬೇಡಿ,” ಎಂದ. “ಒಂದು ಅಂದರೆ ಒಂದು.”

ಲಿಫ್ಟು ಖಾಲಿಯಾಗಿ ಮತ್ತೆ ಕೆಳಗಿಳಿಯಿತು.

ಶರಣಮ್ಮ ಓಡಿ ಲಿಫ್ಟಿನ ಬಾಯಿಗೆ ಹೋದಳು. ಹತ್ತಿ ಬಂದವರು ತೊಯ್ದು ತೊಪ್ಪೆಯಾಗಿ ನಿಂತಿದ್ದರು. ದುರ್ಗವ್ವ ಗಡಗಡ ನಡುಗುತ್ತಿದ್ದಳು. ಅವಳ ಮೈಮೇಲೆ ದೊಡ್ಡದೊಂದು ಖಾಕಿ ಕೋಟು.

“ದುರ್ಗವ್ವಾ, ಈ ಕೋಟು ಯಾರದು?”

“ಮೌಲಾಲಿ ಕಾಕಾಂದು. ನಾ ಥಂಡಿಗೆ ಸತ್ತೆ ಅಂತ ಹೊದಿಸಿದ. ಲಿಫ್ಟು ತುಂಬಿತ್ತವ್ವಾ. ನೀವು ನಡೀರಿ, ನಾ ಹಿಂದ ಬರ್ತೀನಿ ಅಂದ…”

ಹದಿನೈದು ಜನ ಹಿಡಿಸುವ ಲಿಫ್ಟಿಗೆ ಕಡೆಯ ಸುತ್ತಿನಲ್ಲಿ ಉಳಿದವರು ಹದಿಮೂರೇ, ತುಂಬಿದ್ದು ಹೇಗೆಂದು ಶರಣಮ್ಮ ಕಣ್ಣಾಡಿಸಿದಳು. ಇಬ್ಬರ ಕಾಲು ಮುರಿದು, ಅವರನ್ನು ಲಿಫ್ಟಿನ ನೆಲದ ಮೇಲೆ ಮಲಗಿಸಿ ತಂದಿದ್ದರು. ಮತ್ತೊಬ್ಬನಿಗೆ ನಿಲ್ಲಲು ಗೇಣು ಜಾಗವಿರಲಿಲ್ಲ. ದುರ್ಗವ್ವ ಕೋಟಿನ ಎದೆ ಮುಟ್ಟಿ ನೋಡಿಕೊಂಡಳು. ಜೇಬಿನ ಮೇಲೆ ಪಿನ್ನು ಚುಚ್ಚಿ ಸಿಕ್ಕಿಸಿದ್ದ ಬಿಲ್ಲೆ. ಅದರ ಮೇಲೆ ಮೌಲಾಲಿಯ ಹೆಸರು. ಅವಳು ಬಾಯಿಗೆ ಸೆರಗು ತುರುಕಿಕೊಂಡಳು.

ಬಿಲ್ಲೆ ಮೇಲೆ ಬಂದಿತ್ತು, ಮನುಷ್ಯ ಕೆಳಗಿದ್ದ.

ಇಳಿಯಲು ಎರಡು ನಿಮಿಷ. ಹಗ್ಗ ನಿಂತಿತು. ಬಾವಿಯಿಂದ ನೀರು ಧುಮುಕುವ ಸದ್ದು ಮೇಲಿನವರೆಗೆ ಕೇಳುತ್ತಿತ್ತು. ಐವತ್ತೇಳು ಜನ ಉಸಿರು ಬಿಗಿಹಿಡಿದು ಹಗ್ಗವನ್ನೇ ನೋಡಿದರು. ಹಗ್ಗ ಅಲುಗಲಿಲ್ಲ. ಶರಣಮ್ಮ ಮನಸ್ಸಿನಲ್ಲೇ ಎಣಿಸಿದಳು, ಇಪ್ಪತ್ತು, ಮೂವತ್ತು. ಆಮೇಲೆ ಹಗ್ಗ ಒಮ್ಮೆ ಜಗ್ಗಿ, ಬಿಗಿದು, ಮೇಲೇರತೊಡಗಿತು. ಅದೇ ಕ್ಷಣಕ್ಕೆ ಕೆಳಗಿನಿಂದ ಧಡಾರೆಂದು ಒಂದು ಸದ್ದು ಬಂತು. ಉಸಿರಿನ ಅಂಕಿ ಸೊನ್ನೆಯಾಗಿ ತಡೆಬಾಗಿಲು ಮುಚ್ಚಿಕೊಂಡಿತ್ತು. ನೀರಿನ ಸದ್ದು ನಿಂತುಹೋಯಿತು.

ಲಿಫ್ಟಿನ ಜಾಲರಿ ಸರಿದಾಗ ಮೌಲಾಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಸೊಂಟದವರೆಗೆ ಕೆಸರಾಗಿ ನಿಂತಿದ್ದ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ನೆರೆದವರನ್ನೆಲ್ಲ ಬೆರಗಿನಿಂದ ನೋಡಿದ.

“ಯಾಕ್ರಪ್ಪಾ, ಯಾರಿಗರೆ ಏನರೆ ಆತೇನು?”

ಆಮೇಲೆ ಎದ್ದ ಗದ್ದಲದಲ್ಲಿ ಯಾರು ನಕ್ಕರು, ಯಾರು ಅತ್ತರು ಎಂದು ಹೇಳಲಾಗದು. ನಾಲ್ಕು ಜನ ಅವನನ್ನು ಎತ್ತಿಕೊಂಡೇ ಚಹಾದಂಗಡಿಗೆ ಹೊತ್ತೊಯ್ದರು. ದುರ್ಗವ್ವ ಶರಣಮ್ಮನ ಎರಡೂ ಕೆನ್ನೆಗೆ ಕೆಸರುಗೈಯಿಂದಲೇ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಶರಣಮ್ಮ ಆ ಕೆಸರು ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ವಾದಿರಾಜನ ಫೋನು ಬಡಿದುಕೊಂಡಿತು. ರಾಜಧಾನಿಯಿಂದ ಮೇಲಧಿಕಾರಿ. ಗಾಬರಿಯ ದನಿ ಹೊರಗೂ ಕೇಳುತ್ತಿತ್ತು: ಪರಿಸ್ಥಿತಿ ಹೇಗಿದೆ, ಏನೇನು ಹೋಯಿತು, ಕೂಡಲೇ ವರದಿ ಬೇಕು.

ವಾದಿರಾಜ ಚಹಾದಂಗಡಿಯ ಕಡೆ ನೋಡಿದ. ಬೆಂಚು ಸಾಲದೆ ಜನ ನೆಲದ ಮೇಲೂ ಕಲ್ಲಿನ ಮೇಲೂ ಕೂತಿದ್ದರು. ಕಾಲು ಮುರಿದ ಇಬ್ಬರಿಗೆ ಆಂಬುಲೆನ್ಸಿನ ಪಕ್ಕದಲ್ಲೇ ಯಾರೋ ಕಪ್ ಹಿಡಿದು ಕುಡಿಸುತ್ತಿದ್ದರು.

“ಎರಡು ಯಂತ್ರ ಮುಳುಗಿವೆ ಸಾರ್,” ಎಂದ. “ಜನ ಚಹಾ ಕುಡೀತಾ ಇದ್ದಾರೆ.”